ಸಾಲು ತಪ್ಪಿದ ಕಾಂಡ್ಲಾ

ನಗರದ ಶರ್ಕ್‌ನಲ್ಲಿರುವ ಆಫೀಸಿನಿಂದ ಒಬ್ಬರು ಮೇಡಂ ಬಂದು ಗಿಡಗಳನ್ನು ಅಳೆಯುತ್ತಾರೆ ಎಂದು ಗೊತ್ತಾದ ದಿನವೇ ರುಡಾಲ್ಫ್ ಮೊಣಕಾಲುದ್ದದ ಬೂಟು ಹಾಕಿಕೊಂಡು ಕೆಸರಿಗೆ ಇಳಿದ. ನೆಂಟರು ಬರುತ್ತಾರೆಂದರೆ ಅಂಗಳ ಗುಡಿಸುವುದಿಲ್ಲವೇ, ಹಾಗೆ. ಅಕ್ಟೋಬರ್ ಕೊನೆಯ ವಾರ. ಅರಬ್ ನಾಡಿನ ಸುಲೈಬಿಖಾತ್ ಕೊಲ್ಲಿಯ ನೀರು ಇಳಿದು ದೂರ ಸರಿದಿತ್ತು. ಹನ್ನೆರಡು ವರ್ಷದ ಹಿಂದೆ ಅವನೇ ಮುಂದೆ ನಿಂತು ನೆಡಿಸಿದ, ಉಪ್ಪುಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಈಗ ಅವನ ತಲೆಗಿಂತ ಎತ್ತರವಾಗಿ, ನಲವತ್ತು ಸಾಲುಗಳಲ್ಲಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಬೇಸಿಗೆಯ ಕೊನೆಗೆ ಉದುರಿದ ಬೀಜಗಳು ಸಾಲುಗಳ ನಡುವೆ ಮೊಳೆತು, ಎರಡೆರಡು ಎಲೆ ಬಿಟ್ಟ ಪುಟ್ಟ ಸಸಿಗಳು ಎಲ್ಲೆಂದರಲ್ಲಿ ತಲೆಯೆತ್ತಿದ್ದವು. ರುಡಾಲ್ಫ್ ಬಗ್ಗಿ ಅವನ್ನು ಒಂದೊಂದಾಗಿ ಕಿತ್ತು ಬಕೆಟ್ಟಿಗೆ ಹಾಕುತ್ತ ಹೋದ.

ಇದು ಅವನು ಪ್ರತಿವರ್ಷ ಮಾಡುವ ಕೆಲಸ. ಶುರುವಾದದ್ದು ಗಿಡ ನೋಡಿಕೊಳ್ಳುವ ಅವನ ಕಂಪನಿಯ ಹಿಂದಿನ ಮ್ಯಾನೇಜರ್ ಕಾಲದಲ್ಲಿ. ನೆಟ್ಟ ಗಿಡಗಳು ಮೊದಲ ಸಲ ಬೀಜ ಉದುರಿಸಿ ನಡುವೆಲ್ಲ ಸಸಿ ಎದ್ದಾಗ, ಆ ಮನುಷ್ಯ ಮೂಗು ಮುರಿದಿದ್ದ. ಸಾಲು ಸಾಲಾಗಿಯೇ ಕಾಣಬೇಕು, ನೋಡಲು ಬಂದವರು ಫೋಟೋ ತೆಗೆಯುತ್ತಾರೆ, ಈ ಕಳೆಯನ್ನೆಲ್ಲ ತೆಗೆಸು ಎಂದಿದ್ದ. ಮ್ಯಾನೇಜರ್ ಕೆಲಸ ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಆಮೇಲೆ ಬಂದವರು ಯಾರೂ ಹೀಗೆ ಮಾಡು ಎಂದಿರಲಿಲ್ಲ, ಮಾಡಬೇಡ ಎಂದೂ ಇರಲಿಲ್ಲ. ಕೈಗೆ ಹತ್ತಿದ ರೂಢಿ ಕೈಯಲ್ಲೇ ಉಳಿದಿತ್ತು. ನಿಜ ಹೇಳಬೇಕೆಂದರೆ ಸಾಲು ತಪ್ಪಿದ್ದು ಕಂಡರೆ ರುಡಾಲ್ಫ್‌ಗೇ ಸಮಾಧಾನ ಇರುತ್ತಿರಲಿಲ್ಲ. ಮಗಳ ತಲೆ ಬಾಚಿ ಬೈತಲೆ ತೆಗೆಯುವ ತಾಯಿಯ ಹಾಗೆ ಅವನು ಆ ಕೆಸರನ್ನು ಬಾಚುತ್ತಿದ್ದ.

ಆದರೆ ಕಿತ್ತದ್ದನ್ನು ಕಸಕ್ಕೆ ಹಾಕಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಅವನು ಮೂಲ್ಕಿ ಹತ್ತಿರ ಶಾಂಭವಿ ಹೊಳೆಯ ದಂಡೆಯಲ್ಲಿ ಬೆಳೆದವನು. ಕಾಂಡ್ಲಾ ಕಿತ್ತವನ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ ಎಂದು ಅವನ ಅಜ್ಜಿ ಹೇಳುತ್ತಿದ್ದಳು, ಹೊಳೆಯ ಏರಿ ನಿಂತಿರುವುದೇ ಆ ಬೇರುಗಳ ಮೇಲೆ ಎನ್ನುತ್ತಿದ್ದಳು. ಅದಕ್ಕೇ ಅವನು ಬಕೆಟ್ಟು ತುಂಬಿದಾಗಲೆಲ್ಲ ಇನ್ನೂರು ಹೆಜ್ಜೆ ಆಚೆ ಇದ್ದ, ಸಣ್ಣ ಕಾಲುವೆಯಂಥ ತೋಡಿನ ಬಾಯಿಗೆ ಹೋಗಿ, ಉಬ್ಬರದ ನೀರು ಬರುವ ಹೊತ್ತು ನೋಡಿ ಸಸಿಗಳನ್ನು ಎರಚಿಬಿಡುತ್ತಿದ್ದ. ಕೆಲವನ್ನು ಬೆರಳಿನಿಂದ ಕೆಸರಿಗೆ ಒತ್ತುತ್ತಿದ್ದ. ಹೋಗಿ ಬದುಕಿಕೊಳ್ಳಿ ಎಂದು ಕೊಂಕಣಿಯಲ್ಲಿ ಹೇಳಿ ಬೆನ್ನು ತಿರುಗಿಸುತ್ತಿದ್ದ. ಅವುಗಳಲ್ಲಿ ಎಷ್ಟು ಬದುಕಿದವು, ಎಷ್ಟು ಸಮುದ್ರಕ್ಕೆ ಹೋದವು ಎಂದು ಅವನು ಯಾವತ್ತೂ ಯೋಚಿಸಿದವನಲ್ಲ. ತೋಡಿನ ಎರಡು ದಂಡೆಯಲ್ಲೂ ಈಗ ಒಂದು ಸಣ್ಣ ಕಾಡೇ ಎದ್ದಿತ್ತು. ಅಡ್ಡಾದಿಡ್ಡಿ, ಗಿಡ್ಡ, ಒಂದರ ಮೈಮೇಲೆ ಒಂದು. ಅದನ್ನು ಅವನು ತನ್ನದು ಎಂದು ಎಣಿಸಿರಲೇ ಇಲ್ಲ.

ನವೆಂಬರ್ ಮೊದಲ ವಾರ ಬೃಂದಾ ಬಂದಳು. ಮೈಸೂರು ಕಡೆಯವಳು, ಆದರೆ ಅಪ್ಪನ ಬ್ಯಾಂಕ್ ಕೆಲಸದಿಂದಾಗಿ ಬೆಳೆದದ್ದೆಲ್ಲ ಇಲ್ಲೇ ಸಾಲ್ಮಿಯಾದಲ್ಲಿ. ಇಪ್ಪತ್ತೆಂಟು ವರ್ಷ. ಮುಖಕ್ಕಿಂತ ಅಗಲದ ಟೋಪಿ, ಬೆನ್ನಿಗೆ ಒಂದು ಚೀಲ. ಪಿಕಪ್ಪಿನಿಂದ ಇಳಿದವಳೇ ಉತ್ಸಾಹದಿಂದ ಕೆಸರಿಗೆ ಕಾಲಿಟ್ಟಳು, ನಾಲ್ಕನೇ ಹೆಜ್ಜೆಗೆ ತೊಡೆಯವರೆಗೆ ಹೂತು ನಿಂತಳು.

"ಅಲ್ಲಾಡ್ಬೇಡಿ ಮೇಡಂ," ಎಂದ ರುಡಾಲ್ಫ್. "ಕಾಲು ಎಳೀಲಿಕ್ಕೆ ನೋಡಿದರೆ ಇನ್ನೂ ಹೋಗ್ತದೆ. ಹಿಂದೆ ಕೂತುಕೊಳ್ಳಿ, ಕುರ್ಚಿ ಉಂಟು ಅಂತ ಎಣಿಸಿ."

"ಕುರ್ಚಿ ಇಲ್ವಲ್ಲ ಅಂಕಲ್."

"ಎಣಿಸಿ ಅಂತ ಹೇಳಿದ್ದು."

ಅವಳು ಕೂತಳು. ರುಡಾಲ್ಫ್ ಒಂದು ಹಲಗೆ ತಂದು ಅವಳ ಪಕ್ಕಕ್ಕೆ ಹಾಕಿ, ಬೂಟಿನ ಸುತ್ತ ಕೈಹಾಕಿ ಕೆಸರು ಸಡಿಲ ಮಾಡಿ, ಕಾಲನ್ನು ಬಿಡಿಸಿದ. ಬೂಟು ಅಲ್ಲೇ ಉಳಿಯಿತು, ಕಾಲು ಬಂತು. ಅವಳು ಒಂದೇ ಕಾಲ್ಚೀಲದಲ್ಲಿ ಹಲಗೆಯ ಮೇಲೆ ಕೂತು ಎಷ್ಟು ನಕ್ಕಳೆಂದರೆ ಆಚೆ ನಿಂತಿದ್ದ ಬೆಳ್ಳಕ್ಕಿಗಳು ಎದ್ದು ಹಾರಿದವು. ಆವತ್ತಿನಿಂದ ಮೇಡಂ ಎನ್ನುವುದು ಬೃಂದಾ ಆಯಿತು.

ಅವಳ ಕೆಲಸ ಏನೆಂದು ಅವಳೇ ಪಿಕಪ್ಪಿನಲ್ಲಿ ಕೂತು ಬಿಡಿಸಿ ಹೇಳಿದಳು. ಕೊಲ್ಲಿಯ ದಂಡೆಯ ಇನ್ನೊಂದು ಕಡೆ ಹೊಸದಾಗಿ ಕಾಂಡ್ಲಾ ಬೆಳೆಸುವ ಯೋಚನೆ ಇದೆ. ಇಲ್ಲಿ ಮಾಡಿದ ಹಾಗೆ ಸಸಿ ತಂದು ಸಾಲಾಗಿ ನೆಡುವುದೋ, ಅಥವಾ ನೀರಿಗೆ ದಾರಿ ಬಿಡಿಸಿ, ಬೀಜ ತಾನಾಗಿ ಬಂದು ಬೇರೂರಲು ಬಿಡುವುದೋ ಎಂದು ತೀರ್ಮಾನ ಆಗಬೇಕು. ಅದಕ್ಕೆ ನೆಟ್ಟ ಕಾಡನ್ನೂ ತಾನಾಗಿ ಬಂದ ಕಾಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

"ನಿಮ್ಮೂರಿನ ಥರ ಹಳೇ ಕಾಡು ಇಲ್ಲಿಲ್ಲ. ಇಲ್ಲಿ ಚಳಿ ಜಾಸ್ತಿ, ಸೆಖೆ ಅದಕ್ಕಿಂತ ಜಾಸ್ತಿ," ಎಂದಳು. ಆಮೇಲೆ ತೋಡಿನ ಕಡೆ ಕೈ ತೋರಿಸಿದಳು. "ಅದು ಯಾರು ನೆಟ್ಟಿದ್ದು ಅಂಕಲ್?"

"ಅದು ಯಾರೂ ನೆಟ್ಟದ್ದಲ್ಲ. ಅದರಷ್ಟಕ್ಕೆ ಬಂದದ್ದು."

ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನಿಸಲಿಲ್ಲ. ನೆಡುವುದೆಂದರೆ ಗುಂಡಿ ತೋಡಬೇಕು, ಕೋಲು ಊರಬೇಕು, ದಾರ ಹಿಡಿದು ಸಾಲು ನೋಡಬೇಕು. ಎರಚಿದ್ದನ್ನು ನೆಟ್ಟದ್ದು ಎಂದು ಯಾರಾದರೂ ಹೇಳುತ್ತಾರೆಯೇ?

ಬೃಂದಾ ಪುಸ್ತಕ ತೆಗೆದು ಬರೆದುಕೊಂಡಳು.

ಮೂರು ತಿಂಗಳು ಅವರಿಬ್ಬರೂ ಇಳಿತದ ವೇಳಾಪಟ್ಟಿ ನೋಡಿಕೊಂಡು ವಾರಕ್ಕೆ ಎರಡು ಮೂರು ದಿನ ಕೆಸರಿಗೆ ಇಳಿದರು. ಬೃಂದಾ ಪೈಪಿನಿಂದ ಮಾಡಿದ ಒಂದು ಮೀಟರಿನ ಚೌಕಟ್ಟನ್ನು ಕೆಸರಿನ ಮೇಲಿಡುತ್ತಿದ್ದಳು. ರುಡಾಲ್ಫ್ ಅದು ಜಾರದ ಹಾಗೆ ಹಿಡಿದುಕೊಳ್ಳುತ್ತಿದ್ದ. ಅದರೊಳಗೆ ಪೆನ್ಸಿಲಿನ ಹಾಗೆ ನಿಂತ ಉಸಿರುಬೇರು ಎಷ್ಟು, ಏಡಿಯ ಬಿಲ ಎಷ್ಟು, ಹೊಸ ಸಸಿ ಎಷ್ಟು ಎಂದು ಅವಳು ಎಣಿಸುತ್ತಿದ್ದಳು. ಸಾಲುಗಳ ಒಳಗೆ ಹೊಸ ಸಸಿಯ ಜಾಗದಲ್ಲಿ ಪ್ರತಿಸಲ ಸೊನ್ನೆ ಬರೆಯುತ್ತಿದ್ದಳು. ತೋಡಿನ ದಂಡೆಯಲ್ಲಿ ಆರು, ಒಂಬತ್ತು, ಹದಿನಾಲ್ಕು. ಸೊನ್ನೆ ಬರೆಯುವುದನ್ನು ರುಡಾಲ್ಫ್ ನೋಡುತ್ತಲೇ ಇದ್ದ. ಸೊನ್ನೆ ಎಂದರೆ ಅವನ ಮನಸ್ಸಿಗೆ ಕಳೆ ಇಲ್ಲದ್ದು, ಚೊಕ್ಕಟವಾದದ್ದು. ಅವನಿಗೆ ಒಳಗೊಳಗೇ ಹೆಮ್ಮೆಯೇ ಆಗುತ್ತಿತ್ತು.

ಹೆಂಡತಿ ವೈಲೆಟ್ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ನೀರುದೋಸೆ ಮಾಡಿ, ಮೀನಿನ ಸಾರಿನ ಡಬ್ಬಿ ಒಂದು, ಬೃಂದಾಳಿಗೆಂದು ತೆಂಗಿನಕಾಯಿ ಚಟ್ನಿಯ ಡಬ್ಬಿ ಒಂದು ಬೇರೆ ಬೇರೆ ಕಟ್ಟಿ ಕೊಡುತ್ತಿದ್ದಳು. ಇಪ್ಪತ್ತೈದು ವರ್ಷದಿಂದ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳಿಗೆ ಯಾರ ಡಬ್ಬಿಗೆ ಯಾವುದು ತಾಗಬಾರದು ಎಂದು ಹೇಳಿಕೊಡಬೇಕಾಗಿರಲಿಲ್ಲ. ಪಿಕಪ್ಪಿನ ಹಿಂಬಾಗಿಲು ತೆರೆದು ಇಬ್ಬರೂ ಕಾಲು ಇಳಿಬಿಟ್ಟು ಕೂತು ತಿನ್ನುತ್ತಿದ್ದರು. ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳು ಒಂದನ್ನೊಂದು ಬೆದರಿಸುವುದನ್ನು ನೋಡುತ್ತ, ಬೃಂದಾ ತನ್ನ ಮನೆಯಲ್ಲಿ ಮದುವೆಗೆ ಒತ್ತಾಯ ಮಾಡುವುದನ್ನು ಹೇಳುತ್ತಿದ್ದಳು. ರುಡಾಲ್ಫ್ ಶಾಂಭವಿಯ ದಂಡೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದುದನ್ನು ಹೇಳುತ್ತಿದ್ದ. ಅಲ್ಲಿ ಕಾಂಡ್ಲಾದ ಬೇರುಗಳ ನಡುವೆ ಕೈಹಾಕಿದರೆ ಏನು ಸಿಗುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ ಎಂದ. ಏಡಿ ಸಿಗಬಹುದು, ಹಾವೂ ಸಿಗಬಹುದು.

"ಅದೇ ಅಂಕಲ್, ಅದೇ ನಾನು ಎಣಿಸ್ತಿರೋದು," ಎಂದಳು ಬೃಂದಾ, ಬಾಯಿತುಂಬ ದೋಸೆ ಇಟ್ಟುಕೊಂಡು.

ಜನವರಿಯ ಕೊನೆಗೆ ಒಂದು ದಿನ ನೀರು ಇಳಿಯಲು ಇನ್ನೂ ಅರ್ಧ ಗಂಟೆ ಇತ್ತು. ಬೃಂದಾ ಸೀಟಿನ ಮೇಲೆ ಲ್ಯಾಪ್‌ಟಾಪ್ ತೆರೆದು ವರದಿಯ ಕರಡು ಓದುತ್ತಿದ್ದಳು. ಅವಳ ಮೇಲಧಿಕಾರಿ ಶ್ಯಾಮಸುಂದರ್ ಅದನ್ನು ಮುಂದಿನ ತಿಂಗಳು ಹೊಸ ಕಾಡಿನ ಯೋಜನೆಯವರಿಗೆ ಸಲ್ಲಿಸಬೇಕಿತ್ತು. ರುಡಾಲ್ಫ್ ಏನು ಬರೆದಿದ್ದೀಯ ಎಂದು ಸುಮ್ಮನೆ ಕೇಳಿದ.

ಅವಳು ಕನ್ನಡಕ್ಕೆ ತಿರುಗಿಸಿ ಹೇಳಿದಳು. ನೆಟ್ಟ ಗಿಡಗಳು ಎತ್ತರವಾಗಿವೆ, ಅಲೆಯನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಕೆಳಗಿನ ಕೆಸರು ಗಟ್ಟಿಯಾಗಿದೆ, ಏಡಿಯ ಬಿಲ ತೋಡಿನ ದಂಡೆಯ ಅರ್ಧವೂ ಇಲ್ಲ. ಇಷ್ಟರವರೆಗೆ ಅವನು ತಲೆಯಾಡಿಸಿದ. ಆಮೇಲೆ ಅವಳು ಸ್ವಲ್ಪ ನಿಧಾನವಾಗಿ ಹೇಳಿದಳು. "ಇನ್ನೊಂದು ವಿಷಯ. ಹನ್ನೆರಡು ವರ್ಷ ಆದ್ರೂ ಇವುಗಳ ಕೆಳಗೆ ಒಂದೇ ಒಂದು ಮರಿಗಿಡ ಇಲ್ಲ. ಹೂ ಬಿಡುತ್ತೆ, ಬೀಜ ಬೀಳುತ್ತೆ, ಮುಂದಕ್ಕೆ ಏನೂ ಇಲ್ಲ. ನೆಟ್ಟ ಕಾಡು ಬಂಜೆ ಅಂಕಲ್. ಈ ಮರಗಳು ಹೋದ್ರೆ ಇಲ್ಲಿ ಮತ್ತೆ ಬರೀ ಕೆಸರು. ಅದಕ್ಕೇ ಇನ್ಮುಂದೆ ನೆಡೋದು ಬೇಡ ಅಂತ ಬರೀತಿದ್ದೀವಿ."

ರುಡಾಲ್ಫ್ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಎದುರಿಗೆ ನೋಡಿದ. ನೀರು ಇಳಿಯುತ್ತಿತ್ತು. ಆ ದಿನ ಚೌಕಟ್ಟು ಹಿಡಿದಾಗ ಅವನ ಕೈ ಎರಡು ಸಲ ಜಾರಿತು. ಹುಷಾರಿಲ್ವಾ ಎಂದು ಬೃಂದಾ ಕೇಳಿದಳು. ಚಳಿಗಾಳಿ ಎಂದ.

ಮೂರನೆಯ ದಿನ ಸಂಜೆ ಮಂಗಫ್‌ನಲ್ಲಿದ್ದ ತಮ್ಮ ಫ್ಲಾಟಿನಲ್ಲಿ ಜಪಸರ ಹಿಡಿದು ತೇರ್ಸ್ ಹೇಳುವಾಗ ವೈಲೆಟ್ ಕಣ್ಣು ತೆರೆದು ಗಂಡನನ್ನು ನೋಡಿದಳು. ನಮಾನ್ ಮೊರಿಯೆ ಎಂಬ ಜಪವನ್ನು ಹತ್ತು ಸಲ ಹೇಳಬೇಕಾದಲ್ಲಿ ಅವನು ಹದಿಮೂರು ಹೇಳಿದ್ದ. ಪ್ರಾರ್ಥನೆ ಮುಗಿದ ಮೇಲೆ ಅವಳು ಗಂಜಿಯ ಬಟ್ಟಲು ಮುಂದಿಟ್ಟು, ಕೊಂಕಣಿಯಲ್ಲಿ, "ಮೂರು ದಿನದಿಂದ ನೋಡುತ್ತಿದ್ದೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೊರಗೆ ಹಾಕಿ," ಎಂದಳು.

ಅವನು ಹೇಳಿದ. ಮ್ಯಾನೇಜರ್ ಹೇಳಿದ್ದು, ತಾನು ಕಿತ್ತದ್ದು, ಮೇಡಂ ಬರುತ್ತಾರೆಂದು ಮತ್ತೆ ಚೊಕ್ಕಟ ಮಾಡಿದ್ದು, ತೋಡಿಗೆ ಎರಚಿದ್ದು. "ಅವಳು ಕಾಡು ಬಂಜೆ ಅಂತ ಬರೀತಾಳೆ ವೈಲೆಟ್. ಬಂಜೆ ಅಲ್ಲ ಅದು. ವರ್ಷ ವರ್ಷ ಹೆತ್ತದ್ದು ಉಂಟು. ನಾನೇ ಕಿತ್ತದ್ದು."

"ಹಾಗಾದರೆ ಹೇಳಿ."

"ಹೇಳಿದರೆ ಅವಳ ಮೂರು ತಿಂಗಳ ಕೆಲಸ ನೀರಿಗೆ ಹೋಗ್ತದೆ. ಅವಳ ಸಾಹೇಬ್ರು ಎಂತ ಹೇಳ್ಯಾರು? ನನ್ನ ಕಂಪನಿ ಎಂತ ಹೇಳೀತು?"

ವೈಲೆಟ್ ಉಪ್ಪಿನಕಾಯಿಯ ಮುಚ್ಚಳ ತಿರುಗಿಸಿ ತೆಗೆದಳು. "ನಮ್ಮ ವಾರ್ಡಿನಲ್ಲಿ ಡಾಕ್ಟರು ತಪ್ಪು ಮದ್ದು ಬರೆಯುವುದು ಹೆಚ್ಚಾಗಿ ಯಾವಾಗ ಗೊತ್ತುಂಟಾ? ರೋಗಿ ನಾಚಿಕೆಯಿಂದ ಒಂದು ಮಾತು ಹೇಳದೆ ಬಿಟ್ಟಾಗ. ಆ ಹುಡುಗಿ ನಿಮ್ಮನ್ನು ನಂಬಿ ಬರೀತಾಳೆ. ನಿಮ್ಮಿಂದ ಅವಳ ಹೆಸರು ಹಾಳಾದರೆ ನಾಳೆಯಿಂದ ನಾನು ಯಾವ ಮುಖದಲ್ಲಿ ಚಟ್ನಿ ಕಟ್ಟಿ ಕೊಡಲಿ?"

ರುಡಾಲ್ಫ್ ಗಂಜಿ ಕುಡಿದ. ಅವನ ಹೆಂಡತಿ ದೊಡ್ಡ ಸಂಗತಿಯನ್ನೂ ಚಟ್ನಿಗೆ ತಂದು ನಿಲ್ಲಿಸುತ್ತಾಳೆ ಎಂದು ಅವನಿಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ಅಲ್ಲಿಂದ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ ಎಂದೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಬೃಂದಾ ಬೂಟು ಹಾಕಿಕೊಳ್ಳುತ್ತಿದ್ದಾಗ ಅವನು, "ಸ್ವಲ್ಪ ಕೂತುಕೋ, ಒಂದು ಹೇಳ್ಲಿಕ್ಕೆ ಉಂಟು," ಎಂದ. ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೃಂದಾ ಒಂದು ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದೇ ಕೇಳಿದಳು.

"ಎಷ್ಟು ವರ್ಷ ಕಿತ್ತಿದ್ದೀರಿ?"

"ಒಂಬತ್ತು."

"ಈ ವರ್ಷ?"

"ನೀನು ಬರುವ ಮೊದಲಿನ ವಾರ. ನಿನಗೆ ಚಂದ ಕಾಣಲಿ ಅಂತ."

ಅವಳು ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟಳು. "ಮೂರು ತಿಂಗಳು ನಾನು ಸೊನ್ನೆ ಬರೆದೆ ಅಂಕಲ್. ನೀವು ಪಕ್ಕದಲ್ಲೇ ನಿಂತು ಫ್ರೇಮ್ ಹಿಡ್ಕೊಂಡಿದ್ರಿ."

ಸೊನ್ನೆ ನನಗೆ ಹೆಮ್ಮೆಯಾಗಿ ಕಂಡಿತ್ತು ಎಂದು ಅವನು ಹೇಗೆ ಹೇಳುವುದು?

"ಮತ್ತೆ ಆ ತೋಡು? ಅದನ್ನ ನ್ಯಾಚುರಲ್ ಅಂತ ಬರೆದಿದ್ದೀನಿ. ಎಲ್ಲಾ ಕಡೆ ಬರೆದಿದ್ದೀನಿ."

"ಅದರಲ್ಲಿ ನಾನು ಎರಚಿದ್ದು ಎಷ್ಟು, ನೀರು ತಂದದ್ದು ಎಷ್ಟು ಅಂತ ದೇವರಾಣೆ ನನಗೆ ಗೊತ್ತಿಲ್ಲ. ಕೆಲವನ್ನು ಬೆರಳಲ್ಲಿ ಒತ್ತಿದ್ದು ಹೌದು."

ಬೃಂದಾ ಅಳಲಿಲ್ಲ, ಜೋರಾಗಿ ಮಾತಾಡಲೂ ಇಲ್ಲ. ಆವತ್ತು ಕೆಸರಿಗೆ ಇಳಿಯುವುದು ಬೇಡ, ವಾಪಸ್ ಬಿಡಿ ಎಂದಳು. ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡಿದಳು. ಇಳಿಯುವಾಗ ಡಬ್ಬಿಯನ್ನು ಸೀಟಿನ ಮೇಲೆಯೇ ಬಿಟ್ಟುಹೋದಳು. ರುಡಾಲ್ಫ್ ಅದನ್ನು ತೆರೆಯದೆ ಮನೆಗೆ ತಂದ. ವೈಲೆಟ್ ಡಬ್ಬಿ ತೊಳೆದಿಟ್ಟಳು.

ನಾಲ್ಕು ದಿನ ಫೋನು ಬರಲಿಲ್ಲ. ರಾಯ್‌ನಲ್ಲಿದ್ದ ಕಂಪನಿಯ ಶೆಡ್ಡಿನಲ್ಲಿ ಕೂತು ರುಡಾಲ್ಫ್ ಪಂಪು ರಿಪೇರಿ ಮಾಡಿದ, ಪೈಪು ಜೋಡಿಸಿದ, ಜೋಡಿಸಿದ್ದನ್ನು ಬಿಚ್ಚಿ ಮತ್ತೆ ಜೋಡಿಸಿದ. ಐದನೆಯ ದಿನ ಬೃಂದಾಳ ಮೆಸೇಜು ಬಂತು. ನಾಳೆ ಹತ್ತು ಗಂಟೆಗೆ ಶರ್ಕ್ ಆಫೀಸಿಗೆ ಬನ್ನಿ ಎಂದಷ್ಟೇ ಇತ್ತು. ವೈಲೆಟ್ ಅವನು ಇಗರ್ಜಿಯ ಪೂಜೆಗೆ ಹಾಕುವ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಳು.

ಹದಿನೇಳನೇ ಮಹಡಿಯಲ್ಲಿ ಗಾಜಿನ ಗೋಡೆಯ ಕೋಣೆ. ಶ್ಯಾಮಸುಂದರ್ ತುಮಕೂರಿನವರು, ಐವತ್ತು ದಾಟಿದ ಎಂಜಿನಿಯರ್, ಎಲ್ಲ ಕೇಳಿಸಿಕೊಳ್ಳುವವರೆಗೆ ಮುಖದಲ್ಲಿ ಏನೂ ತೋರಿಸದ ಮನುಷ್ಯ. ರುಡಾಲ್ಫ್ ಅವರೆದುರು ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಹಿಂದಿನ ಮ್ಯಾನೇಜರ್ ಹೇಳಿದ್ದರಿಂದ ಶುರುವಾಯಿತು, ಆದರೆ ಕೊನೆಯ ನಾಲ್ಕು ವರ್ಷ ಯಾರೂ ಹೇಳದೆ ನಾನೇ ಮಾಡಿದೆ ಎಂದೂ ಸೇರಿಸಿದ.

"ಈಗ ನಾನು ಯೋಜನೆಯವರಿಗೆ ಏನಂತ ಬರೀಲಿ ಹೇಳಿ?" ಎಂದರು ಶ್ಯಾಮಸುಂದರ್. "ನಮ್ಮ ಲೆಕ್ಕ ಪೂರ್ತಿ ತಪ್ಪು ಅಂತಲಾ?"

ಉತ್ತರ ಕೊಟ್ಟದ್ದು ಬೃಂದಾ. ಅವಳು ನಾಲ್ಕು ದಿನ ಸುಮ್ಮನೆ ಕೂತಿರಲಿಲ್ಲ. "ಪೂರ್ತಿ ತಪ್ಪಲ್ಲ ಸರ್. ಮರದ ಎತ್ತರ, ಕೆಸರು, ಏಡಿ, ಅವೆಲ್ಲ ಸರಿಯಾಗೇ ಇದೆ. ಸಸಿ ಲೆಕ್ಕ ಮಾತ್ರ ಬಿಸಾಕ್ಬೇಕು. ಯಾಕೆ ಬಿಸಾಕಿದ್ವಿ ಅಂತ ವರದಿಯಲ್ಲೇ ಬರೆಯೋಣ. ಒಬ್ಬ ಮನುಷ್ಯ ಒಂಬತ್ತು ವರ್ಷ ಸಸಿ ಕಿತ್ತಿದ್ದಾನೆ, ಒಂಬತ್ತು ವರ್ಷವೂ ಅದು ಮತ್ತೆ ಬಂದಿದೆ. ಇದು ಗೊತ್ತಾಗದೇ ಇದ್ದಿದ್ರೆ ನಾವು ಬಂಜೆ ಅಂತ ಬರೆದು ಮುಗಿಸಿರ್ತಿದ್ವಿ. ಒಂದು ಸೀಸನ್ ಟೈಮ್ ಕೇಳಿ ಸರ್. ಯಾರೂ ಕೈ ಹಾಕದೆ ಬಿಡೋಣ. ಆಮೇಲೆ ಎಣಿಸ್ತೀನಿ."

"ಪಕ್ಕಕ್ಕಿಟ್ಟು ನೋಡೋಕೆ ನ್ಯಾಚುರಲ್ ಎಲ್ಲಿದೆ? ತೋಡಿನದು ಅರ್ಧ ಇವರದೇ ಆಯ್ತಲ್ಲ."

ರುಡಾಲ್ಫ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಒಂದು ಜಾಗ ಉಂಟು," ಎಂದ. "ಉತ್ತರಕ್ಕೆ, ಎರಡು ಕಿಲೋಮೀಟರ್ ಆಚೆ. ದಾರಿ ಇಲ್ಲ. ಎರಡು ವರ್ಷದ ಹಿಂದೆ ದೋಣಿಯಲ್ಲಿ ಹೋಗುವಾಗ ದೂರದಿಂದ ನೋಡಿದ್ದೆ. ಅಲ್ಲಿಗೆ ನಾನೂ ಕಾಲಿಟ್ಟದ್ದಿಲ್ಲ, ಬೇರೆ ಯಾರೂ ಕಾಲಿಟ್ಟ ಹಾಗೆ ಕಾಣಲಿಲ್ಲ."

ಶ್ಯಾಮಸುಂದರ್ ಮೊದಲ ಸಲ ಸ್ವಲ್ಪ ನಕ್ಕರು. "ಹೋಗಿ ನೋಡಿ. ಅಲ್ಲಿ ಏನನ್ನೂ ಚೊಕ್ಕಟ ಮಾಡ್ಬೇಡಿ."

ಲಿಫ್ಟಿನಲ್ಲಿ ಕೆಳಗೆ ಬರುವಾಗ ಬೃಂದಾ ಅವನ ಮುಖ ನೋಡದೆ, "ನಂಗೆ ಇನ್ನೂ ಸಿಟ್ಟಿದೆ," ಎಂದಳು.

"ಇರಲಿ. ಇರ್ಬೇಕು."

"ನಾಳಿದ್ದು ಇಳಿತ ಬೆಳಿಗ್ಗೆ ಏಳಕ್ಕೆ. ಆಂಟಿಗೆ ದೋಸೆ ಜಾಸ್ತಿ ಹಾಕೋಕೆ ಹೇಳಿ. ದೂರ ನಡೀಬೇಕಲ್ಲ."

ಎರಡು ಕಿಲೋಮೀಟರ್ ಕೆಸರಿನಲ್ಲಿ ನಡೆಯುವುದೆಂದರೆ ಹತ್ತು ಕಿಲೋಮೀಟರ್ ರಸ್ತೆಯಲ್ಲಿ ನಡೆದ ಹಾಗೆ. ಒಂದು ಹಲಗೆ ಹಾಕಿ ನಿಂತು, ಇನ್ನೊಂದನ್ನು ಮುಂದೆ ಹಾಕಿ, ಹಿಂದಿನದನ್ನು ಎತ್ತಿಕೊಂಡು ಇಬ್ಬರೂ ಹೋದರು. ಬೃಂದಾ ಈಗ ಹೂತುಹೋಗುತ್ತಿರಲಿಲ್ಲ. ಹಿಮ್ಮಡಿ ಎತ್ತದೆ, ಪಾದ ಜಾರಿಸಿ ನಡೆಯುವುದನ್ನು ಅವಳು ಕಲಿತಿದ್ದಳು. ಒಂದು ಕಡೆ ರುಡಾಲ್ಫೇ ಸೊಂಟದವರೆಗೆ ಹೋದ. ಐವತ್ತೇಳು ವರ್ಷದ ಮೊಣಕಾಲು ಅಲ್ಲಿಂದ ಏಳಲು ಒಪ್ಪಲಿಲ್ಲ.

"ಹಿಂದೆ ಕೂತ್ಕೊಳ್ಳಿ ಅಂಕಲ್. ಕುರ್ಚಿ ಇದೆ," ಎಂದಳು ಬೃಂದಾ, ಹಲಗೆ ನೂಕುತ್ತ.

ಅವನು ಕೂತ. ಅವಳು ಅವನ ಬೂಟಿನ ಸುತ್ತ ಕೈಹಾಕಿ ಕೆಸರು ಸಡಿಲ ಮಾಡಿದಳು. ಸಿಟ್ಟು ಎಷ್ಟು ಉಳಿದಿತ್ತೋ ಅದು ಆ ಕೆಸರಿನಲ್ಲೇ ಉಳಿಯಿತು ಎಂದು ರುಡಾಲ್ಫ್‌ಗೆ ಅನಿಸಿತು.

ಅಲ್ಲಿ ಕಡಲು ಒಳಗೆ ಬಳಸಿ ಬರುವ ಒಂದು ಮೂಲೆಯಲ್ಲಿ ಹದಿನೇಳು ಗಿಡಗಳಿದ್ದವು. ಯಾವುದೂ ಎದೆಯೆತ್ತರ ದಾಟಿರಲಿಲ್ಲ. ಒಂದು ಪೂರ್ತಿ ಮಲಗಿಕೊಂಡೇ ಬೆಳೆದಿತ್ತು. ಇನ್ನೊಂದು ಹರಿದ ಮೀನಿನ ಬಲೆಯ ಕಣ್ಣುಗಳ ಮೂಲಕ ಎದ್ದು ಬಲೆಯನ್ನು ತನ್ನ ಮೈಗೆ ಸೇರಿಸಿಕೊಂಡಿತ್ತು. ಕೆಳಗೆ ಏಡಿಯ ಬಿಲಗಳು ಎಷ್ಟಿದ್ದವೆಂದರೆ ಚೌಕಟ್ಟು ಇಡಲು ಜಾಗ ಹುಡುಕಬೇಕಾಯಿತು. ರುಡಾಲ್ಫ್ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿದ. ಚಿಕ್ಕವನಿದ್ದಾಗ ಕಂಡ ಶಾಂಭವಿಯ ದಂಡೆ ನೆನಪಾಯಿತು. ಅಲ್ಲಿಯೂ ಯಾವುದೂ ಸಾಲಿನಲ್ಲಿ ಇರಲಿಲ್ಲ. ಅದನ್ನು ಅವನು ಇಷ್ಟು ವರ್ಷ ಮರೆತೇಬಿಟ್ಟಿದ್ದ.

"ಎಣಿಸೋಣ್ವಾ?" ಎಂದಳು ಬೃಂದಾ.

"ಎಣಿಸುವ."

ಆ ವರ್ಷದ ಬೇಸಿಗೆ ಎಂದಿನ ಹಾಗೇ ಬಂತು, ಬೆಂಕಿಯ ಹಾಗೆ. ಆಗಸ್ಟಿನಲ್ಲಿ ಬೀಜಗಳು ಬಲಿತವು, ಸೆಪ್ಟೆಂಬರಿನಲ್ಲಿ ಉದುರಿದವು. ಅಕ್ಟೋಬರಿನಲ್ಲಿ ಸಾಲುಗಳ ನಡುವೆ ಸಸಿ ಎದ್ದವು. ರುಡಾಲ್ಫ್‌ಗೆ ಅದು ಕಷ್ಟದ ತಿಂಗಳು. ನೀರಿನ ಪೈಪು ನೋಡಲು ಹೋದವನು ಬಗ್ಗಿ, ಕೈಯನ್ನು ಅರ್ಧಕ್ಕೆ ನಿಲ್ಲಿಸಿ, ಮತ್ತೆ ಎದ್ದು ಬರುತ್ತಿದ್ದ. ಮನೆಯಲ್ಲಿ ಹೇಳಿದಾಗ ವೈಲೆಟ್ ನಕ್ಕಳು. "ಸಿಗರೇಟು ಬಿಟ್ಟಾಗಲೂ ನೀವು ಹೀಗೆಯೇ ಇದ್ದದ್ದು," ಎಂದಳು.

ನವೆಂಬರಿನಲ್ಲಿ ಬೃಂದಾ ಎಣಿಸಿದಳು. ಸಾಲುಗಳ ಕೆಳಗೆ ಚೌಕಟ್ಟಿಗೆ ಐದು, ಏಳು, ಒಂದು ಕಡೆ ಹನ್ನೊಂದು. ಅವಳು ಜೋರಾಗಿ ಓದಿ ಹೇಳಿ ಬರೆದುಕೊಳ್ಳುತ್ತಿದ್ದಳು. ರುಡಾಲ್ಫ್ ಪ್ರತಿಸಲ "ಸರಿಯಾಗಿ ನೋಡಿದ್ದೀಯಾ?" ಎಂದು ಕೇಳುತ್ತಿದ್ದ. ಆ ಚಳಿಗಾಲದಲ್ಲಿ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಬಾಗಿ ನಿಂತ ಹದಿನೇಳು ಗಿಡಗಳ ಮೂಲೆಯಲ್ಲಿ ಸಸಿ ಸತ್ತದ್ದು ಕಡಿಮೆ. ಯಾಕೆಂದರೆ ಅಲ್ಲಿ ಏಡಿಗಳು ಕೆಸರನ್ನು ಉತ್ತು ಇಟ್ಟಿದ್ದವು. ಸಾಲುಗಳ ನಡುವೆ ಹನ್ನೆರಡು ವರ್ಷ ಕೈಗಾಡಿ ಓಡಿಸಿ, ನಡೆದು ನಡೆದು, ನೆಲ ಕಲ್ಲಾಗಿತ್ತು. ಆ ನಡೆದ ಕಾಲುಗಳಲ್ಲಿ ಎರಡು ತನ್ನವೆಂದು ರುಡಾಲ್ಫ್‌ಗೆ ಗೊತ್ತಿತ್ತು.

ವರದಿಯಲ್ಲಿ ನೆಡುವುದು ಬೇಡ ಎಂದು ಬರಲಿಲ್ಲ, ನೆಟ್ಟದ್ದೇ ಸರಿ ಎಂದೂ ಬರಲಿಲ್ಲ. ಎತ್ತರದ ಮರಗಳು ಅಲೆ ತಡೆಯುವ ಕಡೆ ಸ್ವಲ್ಪ ನೆಡಿ, ಗುಂಪು ಗುಂಪಾಗಿ, ನಡುವೆ ನೀರಿಗೆ ದಾರಿ ಬಿಟ್ಟು. ಮುಚ್ಚಿಹೋದ ತೋಡುಗಳನ್ನು ಬಿಡಿಸಿ. ಆಮೇಲೆ ಒಳಗೆ ತಿರುಗಾಡಬೇಡಿ, ಉಳಿದದ್ದನ್ನು ಸಮುದ್ರಕ್ಕೆ ಬಿಡಿ. ಸಾರಾಂಶ ಇಷ್ಟು. ಸಸಿ ಕಿತ್ತ ಸಂಗತಿ ಒಂದು ಇಡೀ ಪುಟ ಇತ್ತು. ಅದರಲ್ಲಿ ರುಡಾಲ್ಫ್‌ನ ಹೆಸರು ಬರೆಯಲೋ ಬೇಡವೋ ಎಂದು ಬೃಂದಾ ಕೇಳಿದ್ದಳು. ಬರಿ ಎಂದು ಅವನೇ ಹೇಳಿದ. ತಪ್ಪು ಮಾಡಿದವನ ಹೆಸರಿನ ಪಕ್ಕದಲ್ಲಿ, ಮೂಲೆಯ ಹದಿನೇಳು ಗಿಡಗಳನ್ನು ತೋರಿಸಿಕೊಟ್ಟವರು ಎಂದೂ ಅವಳು ಬರೆದಳು.

ಹೊಸ ಜಾಗದಲ್ಲಿ ನೆಡಲು ಬರುವ ಕೆಲಸದವರಿಗೆ ಹೇಳಿಕೊಡಲು ಕಂಪನಿ ರುಡಾಲ್ಫ್‌ನನ್ನೇ ನೇಮಿಸಿತು. ಬಂಗಾಳದವರು, ಆಂಧ್ರದವರು, ಕೇರಳದ ಇಬ್ಬರು. ಅವನು ಅವರಿಗೆ ಹಿಂದಿಯಲ್ಲಿ, ಅರಬಿಯಲ್ಲಿ, ಕೈಸನ್ನೆಯಲ್ಲಿ ಹೇಳಿಕೊಡುತ್ತಿದ್ದ. "ಭಾಯಿ, ದಾರ ಹಿಡಿಯುವುದು ಖಲಾಸ್. ಇಲ್ಲಿ ನಾಲ್ಕು, ಅಲ್ಲಿ ಮೂರು, ಇಲ್ಲಿ ಏನೂ ಬೇಡ. ಆಮೇಲೆ ಎಲ್ಲರೂ ಹೊರಗೆ. ಯಲ್ಲಾ, ನಡೀರಿ." ಮೊದಲ ದಿನ ಅವರಲ್ಲೊಬ್ಬ, ಇಷ್ಟು ಸುಲಭದ ಕೆಲಸ ಕಲಿಸಲು ಒಂದು ವಾರ ಯಾಕೆ ಎಂದು ಕೇಳಿದ. ಸುಮ್ಮನಿರುವುದು ಕಲಿಯಲು ನನಗೆ ಹನ್ನೆರಡು ವರ್ಷ ಬೇಕಾಯಿತು ಎಂದ ರುಡಾಲ್ಫ್.

ಮಾರ್ಚಿನ ಒಂದು ಶುಕ್ರವಾರ ವೈಲೆಟ್‌ಗೆ ರಜೆ ಸಿಕ್ಕಿತು. ಆಸ್ಪತ್ರೆಯ ಬಿಳಿ ಶೂ ಹಾಕಿಕೊಂಡೇ ಪಿಕಪ್ಪಿನಲ್ಲಿ ಕೂತಳು. ಬೃಂದಾ ತನ್ನ ಇನ್ನೊಂದು ಜೊತೆ ಬೂಟುಗಳನ್ನು ಅವಳಿಗೆ ಕೊಟ್ಟು, ಹಲಗೆಯ ಮೇಲೆ ಹೇಗೆ ನಿಲ್ಲಬೇಕೆಂದು ತೋರಿಸಿದಳು. ಮೂವರೂ ಸಾಲಿನ ಅಂಚಿನವರೆಗೆ ಹೋದರು, ಒಳಗೆ ಹೋಗಲಿಲ್ಲ. ಚಳಿ ದಾಟಿದ ಸಸಿಗಳು ಈಗ ಒಂದು ಗೇಣು ಎತ್ತರವಾಗಿ, ದಪ್ಪ ಎಲೆಯ ಮೇಲೆ ಉಪ್ಪಿನ ಹರಳು ಹೊತ್ತು ನಿಂತಿದ್ದವು. ವೈಲೆಟ್ ಒಂದು ಎಲೆಯ ಮೇಲೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿದಳು.

"ಇದನ್ನಾ ನೀವು ಕಿತ್ತದ್ದು?"

"ಇದನ್ನೇ."

"ನೋಡಲಿಕ್ಕೆ ಎಷ್ಟು ಪಾಪ ಉಂಟು," ಎಂದಳು ವೈಲೆಟ್. ಆಮೇಲೆ ಬೃಂದಾಳ ಕಡೆ ತಿರುಗಿ, "ನೀನು ಬೈದದ್ದು ಕಡಿಮೆ ಆಯ್ತು ಮಗಳೇ," ಎಂದಳು.

ಬೃಂದಾ ನಕ್ಕು, ಚೀಲದಿಂದ ಚೌಕಟ್ಟು ತೆಗೆದು ಕೆಸರಿನ ಮೇಲಿಟ್ಟಳು. ವೈಲೆಟ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬಗ್ಗಿ, ಆ ಕಡೆಯ ಮೂಲೆಯನ್ನು ಹಿಡಿದಳು. ನಾನು ಎಣಿಸುತ್ತೇನೆ, ಇವರ ಎಣಿಕೆ ತೇರ್ಸಿನಲ್ಲೂ ಹತ್ತಕ್ಕೆ ಸರಿಯಾಗಿ ನಿಲ್ಲುವುದಿಲ್ಲ ಎಂದಳು.